ಮೂರು ಕಾಲಿನ ಎತ್ತು

ಆ ಒಂದು ತಿಂಗಳು ಸಂಗನಬಸವನ ಮನೆಯಲ್ಲಿ ಯಾರ ಕೈಯೂ ಸುಮ್ಮನಿರಲಿಲ್ಲ, ಸಂಗನಬಸವನದ್ದನ್ನು ಬಿಟ್ಟರೆ.

ತಾಯಿ ಶಿವಗಂಗವ್ವ ಹಿತ್ತಲು ಅಗೆದು ಹಾಕಿದ ಹೀರೆಬಳ್ಳಿ ಆಗಲೇ ಬೇಲಿ ಹತ್ತಿತ್ತು. ಹೆಂಡತಿ ಅಮೃತಾ ಹಳೆಯ ಸೀರೆಗಳನ್ನು ಕೂಡಿಸಿ ಒಂದು ಕೌದಿ ಹೊಲಿದು ಮುಗಿಸಿದ್ದಳು. ಮಗಳು ರೋಹಿಣಿ ಜೋಳದ ದಂಟಿನ ಬೆಂಡಿನಲ್ಲಿ ಚಕ್ಕಡಿ ಮಾಡಿದ್ದಳು. ಅದರ ಗಾಲಿಗಳು ತಿರುಗುತ್ತಿದ್ದವು ಕೂಡ. ಸಂಗನಬಸವ ಸಂಶಿಯ ಹೈಸ್ಕೂಲಿನಲ್ಲಿ ಗುಮಾಸ್ತ. ಸಂಜೆ ಬಸ್ಸಿಳಿದು ಯರಗುಪ್ಪಿಯ ಮನೆಗೆ ಬಂದು, ಇವನ್ನೆಲ್ಲ ನೋಡಿ, ಚೆನ್ನಾಗಿದೆ ಎಂದು ಹೇಳಿ ಚಹಾ ಕುಡಿಯುವುದು ಅವನ ಪಾಲಿಗೆ ಬಂದ ಕೆಲಸ.

"ಅಪ್ಪಾ, ನೀ ಏನ್ ಮಾಡಿದಿ?" ಎಂದು ರೋಹಿಣಿ ಕೇಳಿದ್ದು ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ಸಂಜೆ.

"ಈ ವರ್ಷ ಎತ್ತು ನಾನ ಮಾಡತೇನಿ," ಎಂದುಬಿಟ್ಟ.

ಶಿವಗಂಗವ್ವ ಸೋಸುತ್ತಿದ್ದ ಪಲ್ಯವನ್ನು ಬಿಟ್ಟು ಮಗನ ಮುಖ ನೋಡಿದಳು. "ದೇವರ ಜಗಲಿ ಮ್ಯಾಲ ಇಟ್ಟು ಪೂಜಿ ಮಾಡೂವು ಅವು. ನಾಕ ಮಂದಿ ನೋಡಾಕ ಬರ್ತಾರ, ತಮ್ಮಾ," ಎಂದಷ್ಟೇ ಹೇಳಿದಳು. ಆ ನಾಕ ಮಂದಿಯ ಎದುರಿಗೆ ತಾಯಿ ತನ್ನ ಎತ್ತು ತೋರಿಸಿ ಮಗನ ಕೈಕೆಲಸ ಎನ್ನಬೇಕು ಎಂಬುದು ಸಂಗನಬಸವನ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಮರುದಿನ ಬೆಳಿಗ್ಗೆ ಕುಂಬಾರ ಭರಮಪ್ಪ ವರ್ಷದ ಪದ್ಧತಿಯಂತೆ ಬುಟ್ಟಿ ಹೊತ್ತು ಬಂದಾಗ, ಈ ಸಲ ಬೇಡ, ಮನೆಯಲ್ಲೇ ಆಗುತ್ತವೆ ಎಂದು ಸಂಗನಬಸವ ಬಾಗಿಲಿನಿಂದಲೇ ಹೇಳಿ ಕಳಿಸಿದ. ಭರಮಪ್ಪ ಅವನ ಬೆರಳುಗಳನ್ನು ಒಮ್ಮೆ ನೋಡಿ ಮುಂದಿನ ಮನೆಗೆ ಹೋದ.

ಕೆರೆಯಿಂದ ತಂದ ಎರೆಮಣ್ಣನ್ನು ಕಟ್ಟೆಯ ಮೇಲೆ ಹಾಕಿಕೊಂಡು ಕೂತದ್ದೇ ತಪ್ಪಾಯಿತು. ಓಣಿಗೆ ಓಣಿಯೇ ಅಲ್ಲಿಂದ ಹಾಯ್ದು ಹೋಗಬೇಕು. ಬಾಜು ಮನೆಯ ಇಮಾಮುದ್ದೀನ ಕಾಕಾ ಹಿಂದೆ ಚಕ್ಕಡಿ ಮಾಡುತ್ತಿದ್ದ ಬಡಿಗ. ಸಂಗನಬಸವನ ಕೈಯಲ್ಲಿದ್ದ ಪ್ರಾಣಿಯನ್ನು ಬಹಳ ಹೊತ್ತು ನೋಡಿ, "ಇದಕ್ಕ ಇಣಿ ಎಲ್ಲೈತೋ? ಇಣಿ ಇಲ್ಲದ್ದಕ್ಕ ಎಮ್ಮಿ ಅಂತಾರ," ಎಂದ. ತಾನೇ ಒಂದು ಉಂಡೆ ಮಣ್ಣು ತಗೊಂಡು ಬೆನ್ನಿಗೆ ಡುಬ್ಬ ಹಚ್ಚಿ, ಕೋಡನ್ನೂ ತಿದ್ದಿದ. ಅವನನ್ನು ಊಟಕ್ಕೆ ಕರೆಯಲು ಬಂದ ಹೆಂಡತಿ ಮಲಿಕಾಬಿ, ಕಣ್ಣಿಲ್ಲದೆ ಅದಕ್ಕೆ ಮೇವಿನ ಗ್ವಾದಲಿ ಹೇಗೆ ಕಂಡೀತು ಎಂದು ಮರುಗಿ ಎರಡು ಗುಲಗಂಜಿ ತಂದು ಒತ್ತಿದಳು. ಜೋಡೆತ್ತು ಸಾಕಿದ ಮಂಜಪ್ಪ, ಬಾಲ ನೆಲಕ್ಕೆ ಮುಟ್ಟದ ಎತ್ತನ್ನು ತಾನು ಸಂತೆಯಲ್ಲಿ ಮುಟ್ಟುವುದೂ ಇಲ್ಲ ಎಂದು ಬಾಲವನ್ನು ತಾನೇ ಹೊಸೆದ, ಕೊರಳ ಕೆಳಗಿನ ಗಂಗೆದೊಗಲನ್ನೂ ಎಳೆದ. ಸಂಗನಬಸವನ ಪಾಲಿಗೆ ಉಳಿದದ್ದು ಕಾಲು. ಅವನ್ನು ಅವನು ಸೀಮೆಸುಣ್ಣದ ಕಡ್ಡಿಯ ಹಾಗೆ ನೀಟಾಗಿ, ಒಂದೇ ಅಳತೆಗೆ ಹೊಸೆದ. ಜೋಡಿಯ ಇನ್ನೊಂದು ಎತ್ತೂ ಹೀಗೆಯೇ ಆಯಿತು.

"ಮಣ್ಣಾಗ ಹತ್ತಿ ಹಾಕಿ ಕುಟ್ಟಿಲ್ಲ ನೀನು. ನೆರಳಾಗರ ಒಣಗಸು," ಎಂದು ಕಾಕಾ ಹೇಳಿ ಹೋದ. ಸಂಜೆಯೊಳಗೆ ಒಣಗಬೇಕಲ್ಲ ಎಂದು ಸಂಗನಬಸವ ಎತ್ತುಗಳನ್ನು ಒಯ್ದು ದನದ ಕೊಟ್ಟಿಗೆಯ ತಗಡಿನ ಮೇಲೆ ಇಟ್ಟ.

ಎರೆಮಣ್ಣು ಬಿಸಿಲಿಗೆ ಏನು ಮಾಡುತ್ತದೆಂದು ಆ ಊರಿನ ಹೊಲಗಳೆಲ್ಲ ಬೇಸಿಗೆಯಲ್ಲಿ ಬಾಯಿ ಬಿಟ್ಟು ಹೇಳುತ್ತವೆ. ಮೂರು ಗಂಟೆಗೆ ಹತ್ತಿ ನೋಡಿದಾಗ ಒಂದು ಎತ್ತು ಒಡೆದು ಹೆಂಟೆಯಾಗಿತ್ತು. ಇನ್ನೊಂದನ್ನು ಎತ್ತಿಕೊಂಡರೆ ಮುಂಗಾಲು ತಗಡಿನ ಮೇಲೆಯೇ ನಿಂತಿತು.

ಸಂಗನಬಸವ ಅದನ್ನು ಹೀರೆಬಳ್ಳಿಯ ಬುಡದಲ್ಲಿ ಎಲೆ ಮುಚ್ಚಿ ಇಟ್ಟ. ತಲೆಗೆ ಟವೆಲ್ ಸುತ್ತಿಕೊಂಡು, ಊರ ಹಿಂದಿನ ದಾರಿಯಿಂದ ಭರಮಪ್ಪನ ಮನೆಗೆ ಹೋಗಿ, ಸಂಶಿಯ ಒಬ್ಬ ಮಾಸ್ತರರಿಗೆ ಬೇಕಾಗಿದೆ ಎಂದು ಒಂದು ಜೋಡಿ ಕೇಳಿದ. ಭರಮಪ್ಪ ಕೊಟ್ಟ. "ಮಾಸ್ತರಿಗೆ ಹೇಳ್ರಿ, ಜ್ವಾಕಿಲೆ ಒಯ್ಯಾಕ," ಎಂದ.

ಮನೆಗೆ ಬಂದವನು ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಒಂದು ತಾಸು ಒಳಗೆ ಕೂತ. ಹೊರಗೆ ಬಂದು, ಮೊದಲಿನವು ಮನಸ್ಸಿಗೆ ಬರಲಿಲ್ಲ, ಯಾರ ಸಹಾಯವೂ ಇಲ್ಲದೆ ಬೇರೆ ಮಾಡಿದೆ ಎಂದ. ದೀಪ ಹಚ್ಚಿ, ಹೋಳಿಗೆ ಎಡೆ ಹಿಡಿದಾಗ ಜಗಲಿಯ ಮೇಲೆ ಆ ಜೋಡಿ ಈಗ ಹೆಜ್ಜೆ ಇಟ್ಟೀತು ಎನ್ನುವ ಹಾಗೆ ನಿಂತಿತ್ತು. ಮಂಜಪ್ಪ ಬೆರಗಾದ. ಕಾಕಾ ಕನ್ನಡಕ ಏರಿಸಿ ಏರಿಸಿ ನೋಡಿದ. ಸಂಗನಬಸವನ ಎದೆ ಹೊಸ ಕೌದಿಯಂತೆ ಉಬ್ಬಿತು. ಶಿವಗಂಗವ್ವ ಮಾತ್ರ ಎತ್ತುಗಳಿಗೆ ಕೈಮುಗಿದು, ಮಗನಿಗೆ ಇನ್ನೊಂದು ಹೋಳಿಗೆ ನೀಡಿದಳು.

ಅಮಾವಾಸ್ಯೆಯ ಮರುದಿನ ಹುಡುಗರು ಕಾಲು ಮುರಿದ ಮಣ್ಣೆತ್ತನ್ನು ಮಣೆಯ ಮೇಲಿಟ್ಟುಕೊಂಡು ಮನೆ ಮನೆಗೆ ಜೋಳ ಬೇಡುವುದು ಆ ಸೀಮೆಯ ರೂಢಿ. ಬಂದದ್ದರಲ್ಲಿ ಊರ ಹೊರಗೆ ಅಡುಗೆ ಮಾಡಿ ಉಣ್ಣುತ್ತಾರೆ. ಆದರೆ ತಮ್ಮ ಮನೆಯ ಎತ್ತಿನ ಕಾಲು ಮುರಿಯಲು ಯಾರೂ ಸುಲಭಕ್ಕೆ ಕೊಡುವುದಿಲ್ಲ. ಆ ದಿನ ಬೆಳಿಗ್ಗೆ ಹೂವು ಕೀಳಲು ರೋಹಿಣಿಯೊಡನೆ ಹಿತ್ತಲಿಗೆ ಬಂದ ಕಾಕಾನ ಮೊಮ್ಮಗಳು ನಾಜಮೀನ್, ಹೀರೆಬಳ್ಳಿಯ ಬುಡದಲ್ಲಿ ತಯಾರಾಗಿ ಮಲಗಿದ್ದ ಕುಂಟೆತ್ತನ್ನು ಕಂಡಳು. ಹುಡುಗರು ಅದನ್ನೇ ಮಣೆಯ ಮೇಲೆ ಹೊತ್ತು ಹೊರಟರು.

ಅದರ ಮುಖದಲ್ಲಿದ್ದ ದೈನ್ಯ ಊರಲ್ಲಿ ಹಿಂದೆ ಯಾರೂ ಕಂಡದ್ದಲ್ಲ. ಸೇರು ಕೊಡುವವರು ಎರಡು ಸೇರು ಕೊಟ್ಟರು. ಚೀಲ ತುಂಬಿ, ಇನ್ನೊಂದು ಚೀಲ ತರಲು ಹೋಗಬೇಕಾಯಿತು. ಸುದ್ದಿ ಹಬ್ಬಿ, ಮಣೆ ಸಂಗನಬಸವನ ಬಾಗಿಲಿಗೆ ಬರುವಷ್ಟರಲ್ಲಿ ಹಿಂದೆ ಓಣಿಯೇ ಕೂಡಿತ್ತು.

"ಆ ಇಣಿ ನಂದು," ಎಂದ ಕಾಕಾ. "ಕೋಡೂ ನಂದ."

"ಅಳೂ ಹಂಗ ನೋಡತೈತಲ್ಲ, ಆ ಕಣ್ಣು ನಾ ಹಚ್ಚಿದ್ದು," ಎಂದಳು ಮಲಿಕಾಬಿ. ಬಾಲ ಯಾರದೆಂದು ಯಾರೂ ಕೇಳದಿದ್ದರೂ ಮಂಜಪ್ಪ ಎರಡು ಸಲ ಹೇಳಿದ.

ಸಂಗನಬಸವನಿಗೆ ತಡೆಯಲಾಗಲಿಲ್ಲ. ಎತ್ತು ಮೂಲದಲ್ಲಿ ತನ್ನದು ಎಂದು ಶುರು ಮಾಡಿದ. ಕಾಕಾ ಕೈಯೆತ್ತಿ, ನೀನು ಇದನ್ನು ಮನಸ್ಸಿಗೆ ಬರಲಿಲ್ಲವೆಂದು ಬಿಸಾಕಿದವನು, ನಿನ್ನವು ಜಗಲಿಯ ಮೇಲಿವೆ ಎಂದ.

ಮೊರದಲ್ಲಿ ಜೋಳ ಹಿಡಿದು ಹೊರಗೆ ಬಂದ ಶಿವಗಂಗವ್ವ ಅವಸರ ಮಾಡದೆ ಹೇಳಿದಳು: "ಜಗಲಿ ಮ್ಯಾಲಿನವು ಭರಮಪ್ಪನವು. ಹೊಟ್ಟಿ ಕೆಳಗ ಅವನ ಹೆಬ್ಬಟ್ಟಿನ ಗುರುತು ಐತಿ. ನಲವತ್ತು ವರ್ಷ ಪೂಜಿ ಮಾಡೇನಿ, ನನಗ ಗೊತ್ತಾಗೂದಿಲ್ಲೇನು? ನಿನ್ನೆ ಹೋಳಿಗಿ ಉಣ್ಣೂ ಮುಂದ ಯಾಕ ಹೇಳೂದಂತ ಬಿಟ್ಟೆ."

ರೋಹಿಣಿ ಅಪ್ಪನನ್ನೇ ನೋಡುತ್ತಿದ್ದಳು. "ಹಂಗಾರ ಇದರಾಗ ನಿಂದೇನೈತಿ, ಅಪ್ಪಾ?"

ಸಂಗನಬಸವ ಮಣೆಯ ಕಡೆ ನೋಡಿದ. ಇಣಿ, ಕೋಡು, ಕಣ್ಣು, ಬಾಲ ಎಲ್ಲಕ್ಕೂ ವಾರಸುದಾರರು ಎದುರಿಗೇ ನಿಂತಿದ್ದರು.

"ಆ ಮುರದ ಕಾಲು ನಂದವ್ವಾ," ಎಂದ.

ಶಿವಗಂಗವ್ವ ಮೊರದ ಜೋಳವನ್ನೆಲ್ಲ ಚೀಲಕ್ಕೆ ಸುರಿದಳು. "ಜ್ವಾಳ ಬರೂದು ಆ ಕಾಲಿಗೇ," ಎಂದಳು, ಓಣಿಯ ಎಲ್ಲರಿಗೂ ಕೇಳುವ ಹಾಗೆ. "ನನ್ನ ಮಗನ ಕೈಕೆಲಸ ಅದು."

ಅದು ನಿಜವೆಂದು ಓಣಿಯವರಿಗೂ ಅನ್ನಿಸಿತು. ಇನ್ನು ಮೇಲೆ ಪ್ರತಿ ವರ್ಷ ಓಣಿಯ ಕುಂಟೆತ್ತು ಸಂಗನಬಸವನ ಮನೆಯದೇ ಎಂದು ಅಲ್ಲೇ ಗೊತ್ತುಮಾಡಿದರು. ಸಂಗನಬಸವನ ಎದೆ ಮತ್ತೆ ಉಬ್ಬಿತು. ಮುಂದಿನ ವರ್ಷ ಮಣ್ಣಿಗೆ ಹತ್ತಿ ಹಾಕಿ ಕುಟ್ಟಿ, ನೆರಳಲ್ಲಿ ಒಣಗಿಸಿ, ನಾಲ್ಕೂ ಕಾಲು ಗಟ್ಟಿ ಇರುವ ಎತ್ತು ಮಾಡಿ ತೋರಿಸುವುದಾಗಿ ಹೇಳಿದ.

"ನಾಕ ಕಾಲಿಂದು ಮಾಡಾಕ ಭರಮಪ್ಪ ಅದಾನಲ್ಲ," ಎಂದ ಇಮಾಮುದ್ದೀನ ಕಾಕಾ. "ನೀ ನಿನ್ನ ಕೆಲಸ ಕೆಡಿಸಿಕೋಬ್ಯಾಡ."