ಬಿಸಿನೀರಿನ ಸಮುದ್ರ

ನೀರಿಗೆ ಅಂಜುವವನು ನೀರು ಕಡಿಮೆ ಇರುವ ಸೀಮೆಯಲ್ಲಿ ಹುಟ್ಟುವುದೇ ಲೇಸು. ಅಷ್ಟರಮಟ್ಟಿಗೆ ದೇವರು ನನ್ನ ವಿಷಯದಲ್ಲಿ ವಿಚಾರ ಮಾಡಿಯೇ ನಡೆದುಕೊಂಡಿದ್ದಾನೆ. ನಾನು ಹುಟ್ಟಿದ್ದು ಮಸ್ಕಿಯಲ್ಲಿ, ಹೊಟ್ಟೆ ಹೊರೆಯುವುದು ಲಿಂಗಸುಗೂರಿನ ತಹಸೀಲು ಕಚೇರಿಯಲ್ಲಿ. ಮಸ್ಕಿಯ ಹಳ್ಳ ವರ್ಷದಲ್ಲಿ ಎರಡು ತಿಂಗಳು ಹರಿದು, ಉಳಿದ ಹತ್ತು ತಿಂಗಳು ಉಸುಕಾಗಿ ಮಲಗಿರುತ್ತದೆ. ಆ ಎರಡು ತಿಂಗಳೂ ನಾನು ದಂಡೆಯ ಮೇಲೆ ಕುಳಿತು ತಂಬಿಗೆಯಿಂದ ತಲೆಗೆ ಸುರಿದುಕೊಂಡು ಬಂದವನೇ ಹೊರತು ಒಂದು ದಿನವೂ ಒಳಗೆ ಇಳಿದವನಲ್ಲ. ಈಜು ಬಾರದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ, ಅದು ನಾಚಿಕೆಯ ಮಾತಲ್ಲ. ಆದರೆ ನೀರು ಮೊಣಕಾಲು ಮುಟ್ಟಿದ ಕೂಡಲೇ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುವವನು ಬಹುಶಃ ನಾನೊಬ್ಬನೇ. ಇಂಥ ನಾನು ಎಂಟು ದಿನ ಸಮುದ್ರದ ದಂಡೆಯ ಮೇಲಿನ ಹೋಟೆಲೊಂದರಲ್ಲಿ ಅತಿಥಿಯಾಗಿ ಇದ್ದು ಬಂದೆನೆಂದರೆ ನಂಬುವುದು ಕಷ್ಟ. ನನಗೂ ಕಷ್ಟವೇ.

ಆದದ್ದು ಹೀಗೆ. ನಮ್ಮ ತಹಸೀಲ್ದಾರ ಸಾಹೇಬರಿಗೆ ಉಬ್ಬಸ. ಸಮುದ್ರದ ಗಾಳಿ ಕುಡಿಯಬೇಕೆಂದು ಹೈದರಾಬಾದಿನ ಡಾಕ್ಟರು ಹೇಳಿದರು. ಗಾಳಿಯನ್ನೂ ಒಂದು ಔಷಧದಂತೆ ಹೊತ್ತು ಹೊತ್ತಿಗೆ ಕುಡಿಯುವುದುಂಟೆಂದು ನಮ್ಮ ಕಚೇರಿಯವರಿಗೆ ತಿಳಿದದ್ದೇ ಆವಾಗ. ಸಾಹೇಬರು ಕಾಗದಪತ್ರ ಬಿಟ್ಟು ಒಂದು ದಿನವೂ ಇರಲಾರದವರು, ಕಾಗದಪತ್ರ ಎಲ್ಲಿದೆಯೆಂದು ಬಲ್ಲವನು ಕಚೇರಿಯ ಗುಮಾಸ್ತ, ಅಂದರೆ ಅಹಲ್ಕಾರನಾದ ನಾನು. ಹೀಗಾಗಿ ಗಾಳಿ ಕುಡಿಯಲು ಅವರು, ಮಿಸಲು ಕಡತಗಳ ಗಂಟು ಹೊರಲು ನಾನು, ಎಂದು ತೀರ್ಮಾನವಾಯಿತು. ರಾಯಚೂರಿಗೆ ಮೋಟಾರು, ಅಲ್ಲಿಂದ ಮದ್ರಾಸಿಗೆ ರೈಲು, ಮದ್ರಾಸಿನಿಂದ ಆಚೆಗೆ ತೆಂಗಿನ ತೋಪಿನಲ್ಲಿ ಒಂದು ಹೋಟೆಲು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ತೀರ್ಥಕ್ಕೆ ಹೊರಟರೆ ಹೋಗಲಾರದವರೆಲ್ಲ ಬಂದು, ನನ್ನ ಹೆಸರಿನಲ್ಲಿ ಒಂದು ಮುಳುಗು ಹಾಕಿ ಬಾ ಎಂದು ಹೇಳುತ್ತಾರೆ. ಹೋದವನು ಹೆಸರು ಹೇಳಿ ಮುಳುಗಿ ಏಳಬೇಕು, ಪುಣ್ಯ ಇವರಿಗೆ. ಸಾಹೇಬರು ಹೊರಟಿದ್ದು ಉಬ್ಬಸಕ್ಕೆಂದು ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಸಮುದ್ರ ಸಮುದ್ರವೇ, ಉಬ್ಬಸಕ್ಕೆ ಹೋದರೇನು, ಉತ್ಸವಕ್ಕೆ ಹೋದರೇನು? ಕಚೇರಿಯವರು, ಓಣಿಯವರು, ಸಿಂಧನೂರಿನಿಂದ ಮಾವನ ಕಡೆಯವರು, ಎಲ್ಲರೂ ಹೆಸರು ಬರೆಸಿದರು. ಇಪ್ಪತ್ತೆರಡು ಹೆಸರಾದವು. ಕಚೇರಿಯ ರೂಢಿಯಂತೆ ಗೆರೆ ಹೊಡೆದು ಪಟ್ಟಿ ಮಾಡಿದೆ. ಕಡೆಯ ಕಾಲಮಿನಲ್ಲಿ, ಮುಳುಗಿದ ನಂತರ ಗುರುತು ಹಾಕಲಿಕ್ಕೆ, ಜಾಗ ಬಿಟ್ಟೆ.

ಇಪ್ಪತ್ತೆರಡನೆಯ ಹೆಸರು ನೀಲಕ್ಕನದು. ನೀಲಕ್ಕ ನನ್ನ ಅಕ್ಕ, ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ಹದಿನೇಳನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಮಸ್ಕಿಯ ಮನೆಗೆ ಮರಳಿದಳು. ಅದೇ ವರ್ಷ, ಆರು ವರ್ಷದ ನನಗೆ ವಿಷಮಜ್ವರ ಬಂತು. ಇಪ್ಪತ್ತು ದಿನ ಕಣ್ಣು ತೆರೆಯಲಿಲ್ಲವಂತೆ. ಅಕ್ಕ ಊರಿನ ದೇವರಿಗೆಲ್ಲ ಹರಕೆ ಹೊತ್ತಳು, ಸುತ್ತಿನ ಊರುಗಳ ದೇವರಿಗೆ ಹೊತ್ತಳು, ಮುದಗಲ್ಲಿನ ದರ್ಗಾಕ್ಕೂ ಹೊತ್ತಳು. ಕಡೆಗೆ ಹರಕೆ ಹೊರಲು ಯಾವ ದೇವರೂ ಉಳಿಯದಿದ್ದಾಗ, ಬರೀ ಹೆಸರು ಕೇಳಿದ್ದ ಸಮುದ್ರಕ್ಕೆ ಕೈ ಮುಗಿದು, ಇವನು ಬದುಕಿದರೆ ನಿನ್ನಲ್ಲಿ ಬಂದು ಮುಳುಗುತ್ತೇನೆ ಎಂದಳು. ಮರುದಿನ ಜ್ವರ ಇಳಿಯಿತು. ಯಾರ ಕೆಲಸವೋ ಗೊತ್ತಾಗದೆ ಅಕ್ಕ ಒಬ್ಬೊಬ್ಬರದೇ ತೀರಿಸುತ್ತ ಬಂದಳು. ಉಳಿದದ್ದು ಸಮುದ್ರ ಒಂದೇ. ಮೂವತ್ತು ವರ್ಷದಿಂದ ಅದು ಅವಳ ಎದೆಯ ಮೇಲೆ ಕುಳಿತಿತ್ತು. ಈಗ ಅವಳ ಮೊಣಕಾಲು ಹಿಡಿದುಕೊಂಡು, ಅಂಗಳದಿಂದ ಹಿತ್ತಲಿಗೆ ಹೋಗುವುದೇ ಒಂದು ಪ್ರಯಾಣ. ಬದುಕಿದವನೇ ಹೋಗಿ ಮುಳುಗಿದರೆ ನಡೆಯುತ್ತದೆಂದು ಹಿರಿಯರು ಹೇಳಿದ್ದರು. ಹೊರಡುವ ಮುಂಚೆ ಅವಳಿಗೆ ಹೇಳಿ ಬರಲು ಹೋದಾಗ ಕೈಯಲ್ಲಿ ಒಂದು ಹೊಸ ಧೋತ್ರ ಇಟ್ಟಳು.

"ತಮ್ಮಾ, ಮಂದಿ ಹೆಸರಿಲೆ ನೂರು ಮುಳುಗು ಹಾಕು, ಬ್ಯಾಡ ಅನ್ನಂಗಿಲ್ಲ. ನನ್ನ ಹೆಸರಿಲೆ ಒಂದು ನೆಟ್ಟಗ ಹಾಕು. ನಿನ್ನ ಜೀವದ ಹರಕಿ ಅದು. ಧೋತ್ರ ಹಿಂಡಬ್ಯಾಡ, ಹಂಗ ಒಣಗಿಸ್ಕೊಂಡು ಬಾ."

ಆ ಧೋತ್ರವನ್ನು ಮನೆಯ ನೀರಿನಲ್ಲಿ ನೆನೆಸಿ, ಆ ನೀರನ್ನು ತಲೆಗೆ ಸುರಿದುಕೊಂಡರೆ ಹೋಗಲಾರದವರಿಗೂ ಸ್ನಾನ ಸಂದಂತೆ. ಆಗಲೆಂದೆ. ಅಕ್ಕನಿಗೆ ಬೇರೆ ಏನನ್ನೂ ಹೇಳಿ ನನಗೆ ರೂಢಿಯಿಲ್ಲ.

ಹೋಟೆಲಿನ ವಿಷಯ ಹೇಳಬೇಕು. ನಮ್ಮಲ್ಲಿ ಮನೆಗೆ ಬಂದವರಿಗೆ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಟ್ಟು, ಎಲ್ಲಿಂದ ಬಂದಿರಿ, ಮಳೆ ಹೇಗೆ, ಮಕ್ಕಳೆಷ್ಟು ಎಂದು ಕೇಳುತ್ತಾರೆ. ಅಲ್ಲಿ ಕೇಳಿದ್ದು ಹೆಸರು ಮಾತ್ರ, ಅದನ್ನೂ ನಾವೇ ಬರೆಯಬೇಕಾಯಿತು. ಬೆಳಗಾಗುತ್ತಲೇ ರುಮಾಲು ಸುತ್ತಿದ ಬಟ್ಲರನೊಬ್ಬ, ಮುಖ ತೊಳೆಯದವನ ಹಾಸಿಗೆಗೇ ಚಹಾ ತಂದಿಟ್ಟ. ಬಾಯಿ ಮುಕ್ಕಳಿಸದೆ ಕುಡಿಯುವುದು ಹೇಗೆ, ತಂದಿಟ್ಟವನ ಮನಸ್ಸು ನೋಯಿಸುವುದು ಹೇಗೆ? ನಾನು ಎದ್ದು ಹಲ್ಲು ತಿಕ್ಕಿ ಬರುವಷ್ಟರಲ್ಲಿ ಅದು ಆರಿ ಹೋಗಿರುತ್ತಿತ್ತು. ಎಂಟು ದಿನವೂ ಆರಿದ ಚಹಾ ಕುಡಿದೆ. ಊಟಕ್ಕೆ ಗಂಟೆ ಹೊಡೆಯುತ್ತಿದ್ದರು. ನಾನು ಮಾತ್ರ ಪಡಸಾಲೆಯ ಮೂಲೆಯಲ್ಲಿ ಕುಳಿತು ಮನೆಯಿಂದ ತಂದ ಬುತ್ತಿ ಬಿಚ್ಚುತ್ತಿದ್ದೆ. ಕಟಕ ರೊಟ್ಟಿಯ ಗುಣ ಗೊತ್ತಲ್ಲ, ಮುರಿದರೆ ನಾಲ್ಕು ಮನೆಗೆ ಕೇಳಿಸುತ್ತದೆ. ಅಲ್ಲಿ ಬೆತ್ತದ ಕುರ್ಚಿಗಳಲ್ಲಿ ಬಿಳಿಯ ದೊರೆಗಳು ಉಸಿರಿನ ಸಪ್ಪಳವೂ ಇಲ್ಲದೆ ಪತ್ರಿಕೆ ಓದುತ್ತಿದ್ದರು. ನನ್ನ ಮೊದಲ ತುತ್ತಿಗೇ ಮೂರು ಪತ್ರಿಕೆಗಳು ಕೆಳಗಿಳಿದವು. ಎರಡನೆಯ ದಿನದಿಂದ ರೊಟ್ಟಿಯನ್ನು ಆರಿದ ಚಹಾದಲ್ಲಿ ನೆನೆಸಿ ತಿನ್ನತೊಡಗಿದೆ. ಶೇಂಗಾ ಹಿಂಡಿಯ ಖಾರದ ಪುಡಿಯ ಜೊತೆಗೆ ಅದು ಹೇಗಿತ್ತೆಂದು ಕೇಳಬೇಡಿ.

ಇನ್ನೊಂದು ಸಂಗತಿ ನನಗೆ ಕಡೆಯವರೆಗೂ ಅರ್ಥವಾಗಲಿಲ್ಲ. ಆ ಹೋಟೆಲಿನ ಅತಿಥಿಗಳು, ಗಂಡಸರು ಹೆಂಗಸರೆನ್ನದೆ, ಮಟಮಟ ಮಧ್ಯಾಹ್ನ ಉಸುಕಿನ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗುತ್ತಿದ್ದರು. ಬಿಸಿಲು ಬೇಕೆಂದೇ ಹಡಗು ಹತ್ತಿ ಬಂದವರಂತೆ. ಲಿಂಗಸುಗೂರಿನಲ್ಲಿ ಬೇವಿನ ಮರದಿಂದ ಬೇವಿನ ಮರಕ್ಕೆ ಓಡಿ ಕಚೇರಿ ಮುಟ್ಟುವ ನಮಗೆ, ನಮ್ಮೂರಿನಲ್ಲಿ ಇಂಥ ಸಂಪತ್ತು ಸುಮ್ಮನೆ ಬಿದ್ದಿದೆಯೆಂದು ಯಾರೂ ಹೇಳಿರಲೇ ಇಲ್ಲ. ಆಮೇಲೆ ಅವರೆಲ್ಲ ಎದ್ದು ನಗುತ್ತ ಸಮುದ್ರಕ್ಕೆ ಓಡುತ್ತಿದ್ದರು. ಐದು ವರ್ಷದ ಕೂಸುಗಳೂ ತೆರೆಗೆ ಎದುರು ನಿಂತು ಕೇಕೆ ಹಾಕುತ್ತಿದ್ದವು. ನಾನು ತೆಂಗಿನ ಮರಕ್ಕೆ ಒರಗಿ ಪಟ್ಟಿ ಓದುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಕಚ್ಚೆ ಬಿಗಿದು ಇಳಿದೆ. ನಿಜವಾಗಿಯೂ ಇಳಿದೆ. ಒಂದು ತೆರೆ ಬಂದು ಪಾದ ತೊಳೆಯಿತು, ತಪ್ಪೇನಿಲ್ಲ ಎನಿಸಿತು. ಆದರೆ ಹಿಂದಿರುಗುವಾಗ ಅದು ನನ್ನ ಕಾಲ ಕೆಳಗಿನ ಉಸುಕನ್ನೂ ಎಳೆದುಕೊಂಡು ಹೊರಟಿತು. ನೀರು ಚಲಿಸುವುದು ಗೊತ್ತಿತ್ತು, ನೆಲವೂ ಚಲಿಸುತ್ತದೆಂದು ಯಾರು ಹೇಳಿದ್ದರು? ಕೂಗಿದೆನೋ ಇಲ್ಲವೋ ನೆನಪಿಲ್ಲ. ಓಡಿದ್ದು ನೆನಪಿದೆ. ಪಡಸಾಲೆಯಲ್ಲಿ ಗಾಳಿ ಕುಡಿಯುತ್ತಿದ್ದ ಸಾಹೇಬರು ಎಲ್ಲವನ್ನೂ ನೋಡಿದ್ದರು. ಅವರು ನಗಲಿಲ್ಲ, ಅದು ಅವರ ದೊಡ್ಡತನ. ಸಮುದ್ರ ಯಾವ ತಹಸೀಲಿಗೂ ಸೇರಿದ್ದಲ್ಲ, ಅದಕ್ಕೇ ಅದಕ್ಕೆ ಯಾರ ಮುಲಾಜೂ ಇಲ್ಲ ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು. ನಾಲ್ಕನೆಯ ದಿನ ದಂಡೆಯವರೆಗೆ ಹೋದೆ. ಐದನೆಯ ದಿನ ಹೋಟೆಲಿನ ಮೆಟ್ಟಿಲವರೆಗೆ. ಆರನೆಯ ದಿನ ಪಟ್ಟಿಯನ್ನು ಕಿಸೆಯಿಂದ ತೆಗೆಯಲಿಲ್ಲ.

ಹೆದರಿದವನಿಗೆ ಬುದ್ಧಿ ಚುರುಕು. ನನ್ನ ಕೋಣೆಯ ಹಿಂದೆ ಬಚ್ಚಲಿತ್ತು, ಬಚ್ಚಲಿನಲ್ಲಿ ದನಕ್ಕೆ ನೀರು ಕುಡಿಸುವ ಕಲ್ಲಬಾನಿಯಷ್ಟು ದೊಡ್ಡದಾದ ಒಂದು ಬಿಳಿ ಪಿಂಗಾಣಿ ತೊಟ್ಟಿ. ಏಳನೆಯ ದಿನ ಅದನ್ನು ನೋಡುತ್ತ ನಿಂತಾಗ ಕಚೇರಿಯ ನೆನಪಾಯಿತು. ನಮ್ಮಲ್ಲಿ ಅಸಲು ಕಾಗದ ಸಿಗದಿದ್ದರೆ ಮುದ್ರೆಯೊತ್ತಿದ ನಕಲು ನಡೆಯುತ್ತದೆ. ಜಮೀನು, ಮನೆ, ಮದುವೆ, ಸಾವು, ಎಲ್ಲದಕ್ಕೂ ನಕಲು ನಡೆಯುವಾಗ ಸಮುದ್ರಕ್ಕೆ ಏಕೆ ನಡೆಯಬಾರದು? ಈ ತೊಟ್ಟಿಯ ನೀರು ಸಮುದ್ರದ ಮಗ್ಗುಲ ಬಾವಿಯದು. ಅಲ್ಲದೆ ನಮ್ಮ ಮಸ್ಕಿ ಹಳ್ಳ ತುಂಗಭದ್ರೆಗೆ ಸೇರಿ, ತುಂಗಭದ್ರೆ ಕೃಷ್ಣೆಗೆ ಸೇರಿ, ಕೃಷ್ಣೆ ಇದೇ ಸಮುದ್ರಕ್ಕೆ ಬಂದು ಬೀಳುತ್ತಾಳೆ. ಎಲ್ಲಾ ನೀರೂ ಒಂದೇ ಎಂದ ಮೇಲೆ ಹಟ ಹಿಡಿಯುವುದು ಅಜ್ಞಾನ. ವೇದಾಂತ ಇಷ್ಟು ಸುಲಭವಾಗಿ ಹೊಳೆದಾಗ ಯಾರಾದರೂ ಅನುಮಾನಪಡಬೇಕು. ನಾನು ಪಡಲಿಲ್ಲ.

ನಾನು ಹೇಳದೆಯೇ ಬಟ್ಲರನು ಬಿಸಿನೀರು ತುಂಬಿಸಿದ. ಧೋತ್ರ ಉಟ್ಟು ಇಳಿದೆ. ಕಷ್ಟವೆಂದರೆ, ತಲೆ ಮುಳುಗಿಸಿದರೆ ಮೊಣಕಾಲು ಮೇಲೇಳುತ್ತಿತ್ತು, ಮೊಣಕಾಲು ಒತ್ತಿದರೆ ತಲೆ ಮೇಲೇಳುತ್ತಿತ್ತು. ಮುಖ್ಯವಾದದ್ದು ತಲೆಯೇ ಎಂದುಕೊಂಡು ಮೂಗು ಹಿಡಿದು ಒಬ್ಬೊಬ್ಬರದೇ ಹೆಸರು ಹೇಳಿ ಮುಳುಗಿದೆ. ಒದ್ದೆ ಕೈಯಲ್ಲೇ ಗುರುತು ಹಾಕಿದೆ. ಇಪ್ಪತ್ತೊಂದು ಹೆಸರು ಸರಾಗವಾಗಿ ಮುಗಿದವು. ಅಕ್ಕನ ಹೆಸರು ಬಂದಾಗ ಮೂಗಿನಿಂದ ಕೈ ತೆಗೆದೆ. ಕಿಟಕಿಯ ಆಚೆ ಅಸಲು ಸಮುದ್ರ ಮೊರೆಯುತ್ತಿತ್ತು. ಅವಳಿಗೆ ಒಂದರ ಬದಲು ಮೂರು ಮುಳುಗು ಹಾಕಿದೆ. ತೂಕ ಹೆಚ್ಚು ಕೊಟ್ಟರೆ ಮಾಲು ಒಳ್ಳೆಯದಾಗುತ್ತದೆಂದು ನಂಬುವ ಅಂಗಡಿಯವನ ಹಾಗೆ.

ಊರಿಗೆ ಬಂದ ಮೇಲೆ ನನ್ನ ಸಮುದ್ರ ಬೆಳೆಯತೊಡಗಿತು. ಲಿಂಗಸುಗೂರಿನ ಕಚೇರಿಯಲ್ಲಿ ಸೊಂಟದಷ್ಟಿದ್ದ ತೆರೆ, ಅಕ್ಕನ ಊರಿಗೆ ಹೊರಟ ಮೋಟಾರು ಸಂತೆಕಲ್ಲೂರು ದಾಟುವಷ್ಟರಲ್ಲಿ ಎದೆಯ ಮಟ್ಟಕ್ಕೇರಿತು. ಮಸ್ಕಿಯಲ್ಲಿ ಇಳಿಯುವಾಗ ಅದು ನನ್ನ ನೆತ್ತಿಯ ಮೇಲೆ ಹಾದು ಹೋಗುತ್ತಿತ್ತು. ಕೇಳಿದವರೆಲ್ಲ ಕೈ ಮುಗಿದರು. ಜೊತೆಗೆ ಬಂದ ಒಬ್ಬರು ನನ್ನ ಕಾಲು ಮುಟ್ಟಲು ಬಗ್ಗಿದಾಗ ಮಾತ್ರ ಸ್ವಲ್ಪ ಹಿಂದೆ ಸರಿದೆ.

ಅಕ್ಕ ಅಂಗಳ ಸಾರಿಸಿ, ನೆರೆಮನೆಯ ಇಬ್ಬರನ್ನು ಕರೆದು ಕೂಡಿಸಿ, ತಾಮ್ರದ ಹಂಡೆಯಲ್ಲಿ ನೀರು ತುಂಬಿಟ್ಟು ಕಾದಿದ್ದಳು. ಧೋತ್ರವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಅದರ ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು. ಸಮುದ್ರದಲ್ಲಿ ನೆನೆದ ಬಟ್ಟೆ ಉಪ್ಪುಗಟ್ಟಿ ಹಪ್ಪಳದಂತೆ ಬಿರುಸಾಗುತ್ತದೆಂದು ಯಾರೋ ಯಾತ್ರೆಯವರು ಅವಳಿಗೆ ಹೇಳಿದ್ದರಂತೆ. ನನ್ನ ಧೋತ್ರ ಅಗಸರ ಮನೆಯಿಂದ ಆಗ ತಾನೇ ಬಂದಂತೆ ಮೆತ್ತಗಿತ್ತು. ಇಪ್ಪತ್ತೆರಡು ಹೆಸರಿನ ಲೆಕ್ಕ ಇಟ್ಟ ನನಗೆ ಉಪ್ಪಿನ ಮಾತು ಅಲ್ಲಿಯವರೆಗೂ ಹೊಳೆದಿರಲಿಲ್ಲ. ಅಕ್ಕ ಅದನ್ನು ಹಂಡೆಯಲ್ಲಿ ನೆನೆಸಿ, ಒಂದು ಹನಿ ನಾಲಗೆಗೆ ಹಚ್ಚಿಕೊಂಡು, ನನ್ನ ಮುಖ ನೋಡಿದಳು. ಉಪ್ಪು ಐತೇನು ನೀಲಕ್ಕ ಎಂದು ನೆರೆಯವಳು ಕೇಳಿದಳು.

"ಐತವಾ," ಎಂದಳು ಅಕ್ಕ. "ನಾಲಿಗಿ ಮ್ಯಾಲ ಇಡಾಕ ಆಗವಲ್ದು, ಅಷ್ಟು ಐತಿ."

ಹಾಗೆಂದು ಹಂಡೆಯ ನೀರನ್ನು ತಂಬಿಗೆ ತಂಬಿಗೆಯಾಗಿ ತಲೆಗೆ ಸುರಿದುಕೊಂಡಳು. ಅವಳು ಹುಟ್ಟಿದಾಗಿನಿಂದ ಹೇಳಿದ ಸುಳ್ಳು ನನಗೆ ತಿಳಿದಮಟ್ಟಿಗೆ ಅದೊಂದೇ.

ನೆರೆಯವರು ಹೋದ ಮೇಲೆ ನನಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಎರಡನೆಯ ರೊಟ್ಟಿ ಹಾಕುವಾಗ, ಒಲೆಯ ಕಡೆ ನೋಡುತ್ತಲೇ, "ಅಂಜಿಕಿ ಬಂತೇನು, ತಮ್ಮಾ?" ಎಂದಳು. ಹೌದೆಂದು ತಲೆಯಾಡಿಸಿದೆ. ಆಮೇಲೆ ಎಲ್ಲಾ ಹೇಳಿದೆ, ಜಾರಿ ಹೋದ ಉಸುಕು, ತೊಟ್ಟಿ, ಬಿಸಿನೀರು, ಮೇಲೇಳುತ್ತಿದ್ದ ಮೊಣಕಾಲು. ಬಿಸಿನೀರೆಂದಾಗ ಅವಳು ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ನಾನು ಮಾತ್ರ ಅತ್ತೆ. ಮೂವತ್ತಾರು ವರ್ಷದವನು, ಸರ್ಕಾರಿ ನೌಕರ, ಗಂಗಾಳದ ಮುಂದೆ ಕುಳಿತು ಅತ್ತೆ. ಹರಕೆ ತೀರಲಿಲ್ಲವಲ್ಲ ಅಕ್ಕಾ ಎಂದೆ.

"ಹೋಗ್ಲಿ ಬಿಡು. ನಿನ್ನ ಜೀವಕ್ಕಂತ ಹೊತ್ತದ್ದು, ನಿನ್ನ ಜೀವ ಹಿಂಡಿ ತೀರಿಸಾಕ ಬರ್ತೈತೇನು? ಇರ್ಲಿ ಅದು. ತನಗ ಬರೋದು ಬರೋತನಕ ಆ ಸಮುದ್ರಪ್ಪ ನಿನ್ನ ಕಾಯ್ಕೊಂಡ ಇರ್ತಾನ."

ಮೂವತ್ತು ವರ್ಷ ಹೊತ್ತ ಭಾರ ಇಳಿಯಿತೆಂದು ಅಂಗಳ ಸಾರಿಸಿ ಕುಳಿತಿದ್ದವಳು, ಅದನ್ನು ಹಾಗೇ ಎತ್ತಿ ಮತ್ತೆ ತಲೆಯ ಮೇಲೆ ಇಟ್ಟುಕೊಂಡಳು. ನನ್ನ ಜೀವವನ್ನು ಅವಳು ಉಳಿಸಿದ್ದು ಅದು ಎರಡನೆಯ ಸಲ. ಮುಂದಿನ ಸಲ ಸಾಹೇಬರು ಹೋದರೆ ಖಂಡಿತ ಮುಳುಗಿ ಬರುತ್ತೇನೆಂದು ಅವಳ ಕೈ ಹಿಡಿದು ಮಾತು ಕೊಟ್ಟು ಬಂದೆ. ಮಾತು ಕೊಡುವಾಗ ನಾನು ಮಸ್ಕಿಯಲ್ಲಿದ್ದೆ, ಸಮುದ್ರ ದೂರವಿತ್ತು.

ಈ ವರ್ಷ ಸಾಹೇಬರ ಉಬ್ಬಸ ಮತ್ತೆ ಹೆಚ್ಚಾಗಿದೆ. ಸುದ್ದಿ ಮಸ್ಕಿಗೆ ಹೇಗೆ ಮುಟ್ಟಿತೋ, ಮೊನ್ನೆ ಮೋಟಾರಿನವರ ಕೈಯಲ್ಲಿ ಅಕ್ಕ ಒಂದು ಗಂಟು ಕಳಿಸಿದ್ದಳು. ಒಳಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅವುಗಳ ಕೆಳಗೆ ಒಗೆದು ಮಡಿಚಿದ ಅದೇ ಧೋತ್ರ. ಮಾತೇನೂ ಹೇಳಿ ಕಳಿಸಿರಲಿಲ್ಲ. ಧೋತ್ರವನ್ನು ಎದುರಿಗಿಟ್ಟುಕೊಂಡೆ. ರೊಟ್ಟಿ ತಿಂದೆ. ಆಮೇಲೆ ಕಾಗದ ತೆಗೆದು, ಮೊಣಕಾಲು ನೋವಿನಿಂದ ಅಂಗಳ ದಾಟುವುದೂ ಕಷ್ಟವಾಗಿದೆ, ಪ್ರಯಾಣ ಸಾಧ್ಯವಿಲ್ಲ ಎಂದು ಸಾಹೇಬರಿಗೆ ಅರ್ಜಿ ಬರೆದೆ. ಆ ನೋವು ಅಕ್ಕನದು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಮುಳುಗಬಹುದಾದರೆ, ಒಬ್ಬರ ಮೊಣಕಾಲು ಇನ್ನೊಬ್ಬರ ಅರ್ಜಿಯಲ್ಲಿ ನೋಯಬಾರದೆ? ಸಾಹೇಬರು ಓದಿದರು, ನನ್ನ ಕಾಲು ನೋಡಿದರು, ಈ ಸಲವೂ ನಗಲಿಲ್ಲ. ಮಂಜೂರೆಂದು ಸಹಿ ಹಾಕಿದರು.