ಮಸ್ಕತ್ತಿನ ಮಾತಿನ ಡಬ್ಬಿ

ದಾಮೋದರನಿಗೆ ಗಂಟುಬಿದ್ದ ಪೀಡೆಗೆಲ್ಲ ಒಂದು ಟೆಲಿಫೋನ್ ಪಿನ್ನೇ ಮೂಲ. ಹೋದ ತಿಂಗಳು ಸೊಲ್ಲಾಪುರದ ಅವನ ಕಚೇರಿಯಲ್ಲಿ ಫೋನು ಸತ್ತುಹೋದಾಗ ಎಲ್ಲರೂ ಚಹಾ ಕುಡಿಯುತ್ತ ಲೈನ್‌ಮನ್ನನ ಹಾದಿ ಕಾಯುತ್ತಿದ್ದರು. ಕೈಜಾರಿದ ಪೆನ್ನು ಹುಡುಕಲು ಮೇಜಿನ ಕೆಳಗೆ ತೂರಿದ ದಾಮೋದರ, ಗೋಡೆಯಿಂದ ಕಿತ್ತುಬಂದಿದ್ದ ಪಿನ್ನು ಕಂಡು, ಅದನ್ನು ಒತ್ತಿ ಕೂಡಿಸಿ ಮೇಲೆದ್ದ. ಆ ಗಳಿಗೆಗೇ ಫೋನು ಗಣಗಣ ಅಂದಿತು.

ಕಲ್ಯಾಣಪ್ಪ ಸಾಹೇಬರು ಬೆರಗಾಗಿ, "ಏನಪಾ ದಾಮೋದರ, ಟೆಲಿಫೋನಿನ ಕೆಲಸಾನೂ ಬರ್ತೈತೇನು ನಿನಗ?" ಅಂದರು.

"ಹಿಂಗ ಒಂದೀಟು ತಿಳೀತೈತ್ರಿ ಸಾಹೇಬ್ರ" ಅಂದುಬಿಟ್ಟ. ತಿಳಿಯುವುದಿಲ್ಲ ಅಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ದಾಮೋದರನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅಕ್ಕಲಕೋಟೆಗೆ ಬದಲಿ, ಮತ್ತೇನೂ ಅಲ್ಲ. ಮನೆ, ಹೆಂಡತಿ, ಮಗಳು, ಎಮ್ಮೆ ಎಲ್ಲ ಅಲ್ಲಿ. ಕುರ್ಚಿ ಮಾತ್ರ ಸೊಲ್ಲಾಪುರದಲ್ಲಿ. ದಿನಾ ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿಯಬೇಕು. ಅಕ್ಕಲಕೋಟೆಯಲ್ಲಿ ಒಂಟಿಗಾಲಲ್ಲಿ ನಿಂತವನನ್ನು ನಡುದಾರಿಯ ವಳಸಂಗದಲ್ಲಿ ಹತ್ತಿದ ಜನ ಡ್ರೈವರನ ಬೆನ್ನಿಗೆ ಅಂಟಿಸುತ್ತಿದ್ದರು. ಸಂಜೆ ಮತ್ತೆ ಅದೇ ಮೆರವಣಿಗೆ. ಅವನಿಗೆ ಸಾಕುಸಾಕಾಗಿತ್ತು. ಈಗ ಅಕ್ಕಲಕೋಟೆಯ ಶಾಖೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅದೇ ಬಸ್ಸಿನಲ್ಲಿ ನೇತಾಡುತ್ತಿದ್ದ ಶಿವಶರಣಪ್ಪನೆಂಬ ಇನ್ನೊಬ್ಬ ಕಾರಕೂನನಿಗೂ ಅದರ ಮೇಲೆ ಕಣ್ಣು. ಇಬ್ಬರಲ್ಲಿ ಒಬ್ಬನ ಹೆಸರನ್ನು ಸಾಹೇಬರು ಸೋಮವಾರ ಮೇಲಕ್ಕೆ ಕಳಿಸುವವರಿದ್ದರು.

ಶನಿವಾರ ಸಂಜೆ ಸಾಹೇಬರು ದಾಮೋದರನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, ದನಿ ಇಳಿಸಿದರು.

"ಮಸ್ಕತ್ತಿಂದ ನಮ್ಮ ಅಳಿಯಾ ಒಂದು ಡಬ್ಬಿ ಕಳಿಸ್ಯಾನ. ಫೋನಿಗೆ ಹಚ್ಚಿದ್ರ ಇಂಟರ್ನೆಟ್ ಮ್ಯಾಲೆ ಮಾತಾಡಾಕ ಬರ್ತೈತಂತ. ಮಗಳು ಶ್ರೀಲೇಖಾನ ಮನ್ಯಾಗೂ ಅಂಥಾದ್ದ ಒಂದು ಐತಿ. ನಾಳೆ ಐತವಾರ ಬಂದು ಹಚ್ಚಿಕೊಡು. ಲೈನ್‌ಮನ್‌ನ ಕರಿಯೂಹಂಗಿಲ್ಲ, ನಮ್ಮ ದೇಶದಾಗ ಇನ್ನೂ ಇದಕ್ಕ ಪರವಾನಗಿ ಇಲ್ಲಂತ. ಯಾರಿಗೂ ಸುದ್ದಿ ಹತ್ತಬಾರದು ನೋಡು."

"ಹೂನ್ರಿ."

"ನಿನ್ನ ಬದಲಿ ವಿಚಾರ ನಾ ನೋಡ್ಕೋತೀನಿ."

ಮರುದಿನ ದಾಮೋದರ ಸಾಹೇಬರ ಮನೆ ಮುಟ್ಟುವ ಹೊತ್ತಿಗೆ ಬಾಗಿಲ ಹೊರಗೆ ಓಣಿಯವರೆಲ್ಲರ ಚಪ್ಪಲಿ ಬಿದ್ದಿದ್ದವು. ಮಗಳ ದನಿ ಕೇಳುತ್ತೇನೆಂಬ ಖುಷಿಯಲ್ಲಿ ಸಾಹೇಬರ ಹೆಂಡತಿ ಕುಮುದಿನಿಬಾಯಿ ಅಕ್ಕಪಕ್ಕದ ಮನೆಗೆ ಗುಟ್ಟಾಗಿ ಹೇಳಿದ್ದರು. ಅವರು ಇನ್ನೂ ಗುಟ್ಟಾಗಿ ಓಣಿಗೆಲ್ಲ ಹೇಳಿದ್ದರು. ನಡುಮನೆಯಲ್ಲಿ ಮಣೆಯ ಮೇಲೆ ಡಬ್ಬಿಯನ್ನು ಕೂಡಿಸಿ ಪೂಜೆ ನಡೆದಿತ್ತು. ಹೂವು ಏರಿಸಿದ್ದರು, ಕಾಯಿ ಒಡೆದಿದ್ದರು, ಹಿಂದು ಮುಂದು ನೋಡದೆ ಅರಿಷಿಣ ಕುಂಕುಮ ಹಚ್ಚಿದ್ದರು.

ಹಿಂದು ಮುಂದು ನೋಡದೆ ಅಂದದ್ದು ಸುಮ್ಮನೆ ಅಲ್ಲ. ಡಬ್ಬಿಯ ಹಿಂಬದಿಗೆ ಒಂದೇ ನಮೂನೆಯ ಎರಡು ತೂತು. ಗೋಡೆಯ ತಂತಿಗೆ ಯಾವುದು, ಫೋನಿನ ತಂತಿಗೆ ಯಾವುದು ಅಂತ ಅವುಗಳ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಸರಿಯಾಗಿ ಅದರ ಮೇಲೆಯೇ ಬೊಟ್ಟಗಲ ಕುಂಕುಮ ಮೆತ್ತಿಕೊಂಡಿತ್ತು. ದಾಮೋದರ ಒರೆಸಲು ಕರವಸ್ತ್ರ ತೆಗೆದ.

"ಅಯ್ಯಯ್ಯ, ಕುಂಕುಮ ಅಳಸಬ್ಯಾಡ್ರಿ!" ಕುಮುದಿನಿಬಾಯಿ ಚೀರಿದರು. "ಮುತ್ತೈದಿ ಮಗಳ ದನಿ ಬರೂ ಡಬ್ಬಿ ಅದು!"

ನೆರೆದ ಹೆಂಗಸರೆಲ್ಲ ದಾಮೋದರನನ್ನು ಕೊಲೆಗಾರನಂತೆ ನೋಡಿದರು. ಅವನು ಕರವಸ್ತ್ರ ಕಿಸೆಗೆ ಹಾಕಿಕೊಂಡು, ದೇವರ ಮೇಲೆ ಭಾರ ಹಾಕಿ, ಗೋಡೆಯ ತಂತಿಯನ್ನು ಬಲದ ತೂತಿಗೆ, ಫೋನಿನ ತಂತಿಯನ್ನು ಎಡದ ತೂತಿಗೆ ಚುಚ್ಚಿದ.

ಅಳಿಯ ಬರೆದ ಚೀಟಿಯಲ್ಲಿ ಮುಂದಿನ ಕೆಲಸ ಸುಲಭವಾಗಿಯೇ ಇತ್ತು. ಫೋನ್ ಎತ್ತಬೇಕು, ಕುಂಯ್ ಅಂತ ಸದ್ದು ಬರುತ್ತದೆ. ಆಗ ಚಿಕ್ಕಿಯ, ಅಂದರೆ ನಕ್ಷತ್ರದ ಗುರುತಿನ, ಗುಂಡಿ ಒತ್ತಿ, ಕೆಳಗಿನ ಅಂಕಿಗಳನ್ನು ಸಾಲಾಗಿ ತುಂಬಬೇಕು. ಡಬ್ಬಿ ತಾನೇ ಇಂಟರ್ನೆಟ್ಟಿಗೆ ಹತ್ತಿಕೊಂಡು ಶ್ರೀಲೇಖಾಳನ್ನು ಹುಡುಕಿ ಗಂಟೆ ಬಾರಿಸುತ್ತದೆ. ಆದರೆ ಸಾಹೇಬರದು ಬೆರಳು ತೂರಿಸಿ ತಿರುಗಿಸುವ ಹಳೇ ಕರೀ ಫೋನು. ಚಿಕ್ಕಿ ಹೋಗಲಿ, ಅದರಲ್ಲಿ ಗುಂಡಿಯೇ ಇರಲಿಲ್ಲ.

"ಗುಂಡೀ ಫೋನು ನನ್ನ ಕಡೆ ಐತಲ್ಲ!" ಅನ್ನುತ್ತ ಪಕ್ಕದ ಮನೆಯ ಧರೆಪ್ಪ ಎದ್ದ. ಬಟ್ಟೆಗಿರಣಿಯಿಂದ ನಿವೃತ್ತನಾದ ಮೇಲೆ ಓಣಿಯ ಕೆಲಸವೆಲ್ಲ ತನ್ನದೇ ಅಂದುಕೊಂಡಿದ್ದ ಮುದುಕ. ತನ್ನ ಕೆಂಪು ಫೋನನ್ನು ಎಳೇ ಕೂಸಿನ ಹಾಗೆ ಎದೆಗೆ ಅವಚಿಕೊಂಡು ತಂದ. ಕೊಟ್ಟು ಹೋಗಲಿಲ್ಲ, ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತ. "ಫೋನ್ ನಂದು. ಅದು ಇರೂತನಕಾ ನಾನೂ ಇರಾಂವ."

ದಾಮೋದರ ಕರೀ ಫೋನು ಕಿತ್ತು, ಕೆಂಪು ಫೋನು ಹಚ್ಚಿ, ಎತ್ತಿದ. ಕುಂಯ್ ಇಲ್ಲ, ಕಯ್ ಇಲ್ಲ. ಆದರೂ ಚಿಕ್ಕಿ ಒತ್ತಿದ, ಅಂಕಿ ಒತ್ತಿದ. ಧರೆಪ್ಪ ಚೀಟಿ ಹಿಡಿದು ಗಟ್ಟಿಯಾಗಿ ಓದಿ ಹೇಳಿದ. ಡಬ್ಬಿಯ ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಮತ್ತೆ ಒತ್ತಿದ, ಮತ್ತೆ ಓದಿದ.

"ಮಸ್ಕತ್ ಇರೂದು ಪಶ್ಚಿಮಕ್ಕ. ಡಬ್ಬೀ ಮಾರಿ ಆ ಕಡೆ ತಿರುಗಸ್ರಿ" ಅಂದಿತು ಒಂದು ದನಿ. ತಿರುಗಿಸಿದರು.

"ಹಡಗಿನ್ಯಾಗ ಬಂದದ್ದು, ಥಂಡಿ ಹಿಡದಿರಬೇಕು. ಬಿಸಿಲಿಗೆ ಇಡ್ರಿ" ಅಂದಿತು ಇನ್ನೊಂದು. ಇಟ್ಟರು.

"ನಮ್ಮ ಗಿರಣ್ಯಾಗ ಮಗ್ಗ ನಿಂತ್ರ ಹಿಂಗ ಮಾಡ್ತಿದ್ವಿ" ಅಂತ ಧರೆಪ್ಪ ಅದರ ನೆತ್ತಿಗೆ ಎರಡು ಬಾರಿಸಿದ. ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಗುಪ್ತ ಅಂಕಿಗಳನ್ನು ಓಣಿಯ ಹುಡುಗರು ಮಗ್ಗಿಯ ಹಾಗೆ ಒದರುತ್ತಿದ್ದರು.

ಸಾಹೇಬರ ಮುಖ ಗಂಟಿಕ್ಕಿತ್ತು. ಊಟಕ್ಕೆ ಭಾಕರಿ, ಶೇಂಗಾ ಚಟ್ನಿ ಬಂತು; ಇನ್ನೊಂದು ಹಾಕಲೇ ಅಂತ ಯಾರೂ ಕೇಳಲಿಲ್ಲ. ಜನ ಬೇಸತ್ತು ಚದುರಿತು. ಧರೆಪ್ಪ ಕುಳಿತಲ್ಲೇ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಬದಲಿ ಕೈಬಿಟ್ಟಿತೆಂದು ದಾಮೋದರ ಅರ್ಧ ಭಾಕರಿ ಬಿಟ್ಟೆದ್ದ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಡುಗೆಮನೆಯಿಂದ ಸಾಹೇಬರ ಮಾತು ಕಿವಿಗೆ ಬಿತ್ತು.

"ಬರೇ ಬೊಗಳೆ ಮನಷ್ಯಾ. ಇಂವಗ ಏನೂ ಬರೂದಿಲ್ಲ. ನಾಳೆ ಇವನ ಹೆಸರ ಅಕ್ಕಲಕೋಟಿಗೆ ಕಳಿಸಿಬಿಡ್ತೀನಿ, ಕಣ್ಣಿಂದ ದೂರ ಆದ್ರ ಸಾಕು."

"ಮತ್ತ ಹಚ್ಚಿಕೊಟ್ರ?" ಕುಮುದಿನಿಬಾಯಿ ಕೇಳಿದರು.

"ಹಚ್ಚಿಕೊಟ್ರ ಬಿಡ್ತೀನೇನು? ಅಂಥಾ ಹುಷಾರ್ ಮನಷ್ಯಾನ್ನ ನಾ ರಿಟೈರ್ ಆಗೂತನಕಾ ಇಲ್ಲೇ ಇಟ್ಕೋತೀನಿ."

ದಾಮೋದರ ತೊಳೆದ ಕೈಯನ್ನೇ ಮತ್ತೊಮ್ಮೆ ತೊಳೆದ. ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಇಷ್ಟು ಹೊತ್ತು ಅವನು ಹಾದಿ ತಪ್ಪಿರಲಿಲ್ಲ, ನೆಟ್ಟಗೆ ಅಕ್ಕಲಕೋಟೆಯ ಹಾದಿಯಲ್ಲೇ ನಡೆದಿದ್ದ! ಇನ್ನು ಸಂಜೆಯವರೆಗೆ ಈ ಡಬ್ಬಿ ಬಾಯಿ ಬಿಡದಿದ್ದರೆ ಆಯಿತು.

ನಡುಮನೆಗೆ ಬಂದು ಕುಳಿತ. ಆದರೆ ಮನಸ್ಸಿಗೆ ಒಂದು ಪುಕುಪುಕು ಶುರುವಾಯಿತು. ತಾನಾಗಿಯೇ ಕೆಟ್ಟು ಕುಳಿತ ಡಬ್ಬಿ ತಾನಾಗಿಯೇ ಸುಧಾರಿಸಿಬಿಟ್ಟರೆ? ಪೂಜೆ ಬೇರೆ ಮಾಡಿದ್ದಾರೆ, ಏನು ಹೇಳುವುದು! ಪಕ್ಕಾ ಬಂದೋಬಸ್ತ್ ಮಾಡಿಬಿಡೋಣ ಅಂತ ಅತ್ತಿತ್ತ ನೋಡಿದ. ಧರೆಪ್ಪ ಗೊರಕೆ ಹೊಡೆಯುತ್ತಿದ್ದ. ದಾಮೋದರ ಮೆಲ್ಲಗೆ ಎರಡೂ ತಂತಿ ಕಿತ್ತು, ಬಲದ್ದನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಚುಚ್ಚಿದ. ಸತ್ತಿದೆಯೋ ಇಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಲು ಫೋನ್ ಎತ್ತಿದ.

"ಕುಂಯ್" ಅಂದಿತು.

ದಾಮೋದರ ಫೋನ್ ಕುಕ್ಕಬೇಕೆನ್ನುವಷ್ಟರಲ್ಲಿ ಧರೆಪ್ಪ ಪುಟಿದೆದ್ದ. "ಬಂತೋ! ಸಾಹೇಬ್ರ, ಬರ್ರಿ, ಸದ್ದು ಬಂತು!"

ಸಾಹೇಬರು ಓಡಿಬಂದರು, ಕುಮುದಿನಿಬಾಯಿ ಓಡಿಬಂದರು, ಚದುರಿದ ಓಣಿ ಮತ್ತೆ ಒಳಗೆ ನುಗ್ಗಿತು. "ಒತ್ತು ದಾಮೋದರ, ಒತ್ತು!" ದಾಮೋದರ ಬೆವರುತ್ತ ಚಿಕ್ಕಿ ಒತ್ತಿ, ಬೇಕಂತಲೇ ಅಂಕಿಗಳನ್ನು ಹಿಂದಿನಿಂದ ಮುಂದಕ್ಕೆ ಒತ್ತತೊಡಗಿದ.

"ಅರೇ ಬಾಬಾ, ಅದಲ್ಲೋ!" ಧರೆಪ್ಪ ಫೋನ್ ಕಸಿದುಕೊಂಡ. ಬೆಳಗಿನಿಂದ ಓದಿ ಓದಿ ಬಾಯಿಪಾಠವಾಗಿದ್ದ ಅಂಕಿಗಳನ್ನು ಚೀಟಿ ನೋಡದೆ ಒತ್ತಿದ. ಡಬ್ಬಿ ಕಿರ್ರೆಂದಿತು, ಗೊರ್ರೆಂದಿತು, ದೀಪ ಹಸಿರಾಯಿತು. ಎಲ್ಲರೂ ಡಬ್ಬಿಯ ಕಡೆ ಬಾಗಿದರು. ದೇವರೇ ಬೇಡ, ಬೇಡ ಅಂತ ದಾಮೋದರನೊಬ್ಬನೇ ಬೇಡಿಕೊಂಡ. ಗಂಟೆ ಬಾರಿಸಿತು.

"ಅವ್ವಾ... ಹ್ಯಾಂಗಿದ್ದೀ?" ಶ್ರೀಲೇಖಾಳ ದನಿ ಬಾವಿಯೊಳಗಿಂದ ಬಂದಂತೆ ಬಂತು. ಕುಮುದಿನಿಬಾಯಿ ಫೋನ್ ಇಸಿದುಕೊಂಡು ಅಳುತ್ತ ನಗುತ್ತ, ಉಂಡಿಯೇನು, ಮಲಗಿದ್ದಿಯೇನು, ಸೊರಗಿದ್ದಿಯೇನು ಅಂತ ಉತ್ತರಕ್ಕೂ ಕಾಯದೆ ಕೇಳಿದರು. ಓಣಿ ಚಪ್ಪಾಳೆ ಹೊಡೆಯಿತು. ಸಾಹೇಬರ ಕಣ್ಣಲ್ಲೂ ನೀರು ಬಂತು. ಅವರು ದಾಮೋದರನ ಹೆಗಲ ಮೇಲೆ ಕೈಹಾಕಿದರು.

"ನಾ ಅಲ್ರೀ ಸಾಹೇಬ್ರ!" ದಾಮೋದರ ಕೈಮುಗಿದ. "ಎಲ್ಲಾ ಧರೆಪ್ಪ ಕಾಕಾ ಮಾಡಿದ್ದು. ನನಗೇನೂ ಬರೂದಿಲ್ರಿ, ಖರೇನ ಹೇಳ್ತೀನಿ."

"ಸುಳ್ಳು, ಸುಳ್ಳು!" ಧರೆಪ್ಪ ನಕ್ಕ. "ನಾ ಅಂಕಿ ಅಷ್ಟ ಒತ್ತೀನಿ. ನನಗ ನಿದ್ದಿ ಹತ್ತೇತಿ ಅಂತ ತಿಳದು ಇಂವಾ ತಂತಿ ಬದಲ ಮಾಡಿದ್ದನ್ನ ಅರೆಗಣ್ಣಿಲೆ ನೋಡೀನ್ರಿ. ಎಂಥಾ ಬೆರಕಿ!"

"ಗುಣಾ ನೋಡ್ರಿ, ಮಾಡಿನೂ ತೋರಿಸ್ಕೊಳ್ಳೂದಿಲ್ಲ" ಅಂದರು ಸಾಹೇಬರು. "ದಾಮೋದರ, ನಿನ್ನ ಬಿಟ್ಟು ನಾ ಹ್ಯಾಂಗ ಇರ್ಲಿ? ನೀ ಇನ್ನ ಸೊಲ್ಲಾಪುರದಾಗ ಖಾಯಂ. ಅಕ್ಕಲಕೋಟಿಗೆ ಆ ಶಿವಶರಣಪ್ಪನ್ನ ಕಳಸ್ತೀನಿ."

"ಶಿವಶರಣಪ್ಪ... ಅಂವಾ ಏನು ಮಾಡ್ಯಾನ್ರಿ?" ದಾಮೋದರ ಕೇಳಿದ.

"ಏನೂ ಬಾರದ ಮನಷ್ಯಾ. ಹೋದ ಐತವಾರ ಮಿಕ್ಸರ್ ರಿಪೇರಿ ಮಾಡಂತ ಕರದ್ರ ಸುಟ್ಟು ಇಟ್ಟು ಹೋದ. ಹೋಗೂ ಮುಂದ ನಕ್ಕೋತ ಹ್ವಾದ ನೋಡು, ನಾಚಿಗಿಲ್ಲದಾಂವ."

ದಾಮೋದರ ಹೊರಡಲು ಬಾಗಿಲ ಕಡೆ ತಿರುಗಿದ. ಮಾತು ಮುಗಿಸಿ ಒಳಗೆ ಹೋಗಿ, ಕಣ್ಣೊರೆಸಿಕೊಳ್ಳುತ್ತ ಬಂದ ಕುಮುದಿನಿಬಾಯಿ ಆ ಸುಟ್ಟ ಮಿಕ್ಸರನ್ನು ಅವನ ಮುಂದೆ ತಂದಿಟ್ಟರು.

"ನಿಮ್ಮ ಕೈಗುಣಾ ಛಲೋ ಐತ್ರಿ. ಹಂಗ ಇದನ್ನಷ್ಟು ನೋಡಿಬಿಡ್ರಿ, ಬಸ್ಸಿಗೆ ಇನ್ನೂ ಬೇಕಾದಷ್ಟು ವ್ಯಾಳ್ಯಾ ಐತಿ."