ಕೊನೆಯ ಫೋಟೊದವರೆಗೆ

ಫೋಟೊ ತೆಗೆಯುವುದಕ್ಕೆ ಒಂದು ಬೆರಳು ಸಾಕು. ತೋರಿಸುವುದಕ್ಕೆ ಇನ್ನೊಬ್ಬ ಮನುಷ್ಯ ಬೇಕು. ಎಡವಟ್ಟುಗಳೆಲ್ಲ ಶುರುವಾಗುವುದು ಅಲ್ಲಿಂದಲೇ.

ನಾನು ರಸಾಯನಶಾಸ್ತ್ರ ಓದಿದವಳು. ಮನೆ ಅಂಕೋಲೆಯಲ್ಲಿ. ಕೆಲಸ ಕಾರವಾರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ, ನೀರಿನ ಪರೀಕ್ಷೆ. ಅಲ್ಲಿ ಮಾತು ಬೇಕಾಗುವುದಿಲ್ಲ. ಮನೆಯಲ್ಲೂ ನಾನು ಹೆಚ್ಚು ಮಾತಾಡುವವಳಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಟೂರಿನವರ ಜೊತೆ ಯುರೋಪು ನೋಡಿ ಬಂದೆ. ನಮ್ಮ ಮನೆಯಿಂದ ದೇಶ ದಾಟಿದವಳು ನಾನೇ ಮೊದಲು. ನಾನು ನೋಡಿದ್ದನ್ನು ಊರಲ್ಲಿ ಇನ್ನೊಬ್ಬರು ಪೂರ್ತಿ ನೋಡದಿದ್ದರೆ ಹೋಗಿ ಬಂದದ್ದು ಅರ್ಧವೇ ಎಂದು ನನಗೆ ಅನ್ನಿಸಿಬಿಟ್ಟಿತು.

ಹಾಗಾಗಿ ಮಸುಕಾದ ಫೋಟೊಗಳನ್ನು ತೆಗೆದು, ಒಂದೇ ತರಹದವನ್ನು ಅಳಿಸಿ, ಊರಿನ ಪ್ರಕಾರ ಜೋಡಿಸಿ, ನೂರಕ್ಕೆ ಇಳಿಸಿದೆ. ನಿರ್ಧಾರ ಒಂದೇ. ಮೊದಲನೆಯದರಿಂದ ಕೊನೆಯದರವರೆಗೆ ಒಬ್ಬರಾದರೂ ನೋಡಬೇಕು. ಒಬ್ಬರು ಸಾಕು. ಇಷ್ಟು ಸಣ್ಣ ಗುರಿ ಮುಟ್ಟುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಗುಂಪಿನಲ್ಲಿ ಒಂದು ಸಾವು

ಮೊದಲು ಹಿಡಿದದ್ದು ಕುಟುಂಬದ ವಾಟ್ಸಾಪ್ ಗುಂಪನ್ನು. ಎಲ್ಲರೂ ಒಂದೇ ಕಡೆ ಸಿಗುತ್ತಾರೆ, ನಡುವೆ ಯಾರೂ ಎದ್ದು ಹೋಗುವಂತಿಲ್ಲ ಎಂದು ನನ್ನ ಲೆಕ್ಕ. ದಿನಕ್ಕೆ ನಾಲ್ಕೈದು ಫೋಟೊ, ಪ್ರತಿಯೊಂದರ ಕೆಳಗೆ ಒಂದು ಸಾಲು.

ಪೀಸಾದ ವಾಲಿದ ಗೋಪುರಕ್ಕೆ ಮಾವನಿಂದ ಉತ್ತರ ಬಂತು. ಮಾವ ಎಂದರೆ ಆಯಿಯ, ಅಂದರೆ ನನ್ನ ಅಮ್ಮನ, ಅಣ್ಣ, ಮನೆ ಕಟ್ಟಿಸುವ ಗುತ್ತಿಗೆದಾರರು. “ಪಾಯ ಸಮಾ ಕೂತಿಲ್ಲ. ನಮ್ಮ ಚಿರೆಕಲ್ಲಲ್ಲಿ ಕಟ್ಟಿದ್ರೆ ಹಿಂಗೆ ಆಗ್ತಿರ್ಲಿಲ್ಲ” ಎಂದು ಬರೆದಿದ್ದರು. ಉತ್ತರ ಬಂದದ್ದೇ ನನಗೆ ಹುಮ್ಮಸ್ಸು.

ಮರುದಿನ ಒಂದು ಪ್ರತಿಮೆಯ ಫೋಟೊ ಹಾಕಿದೆ. ಗಡ್ಡದ ಹಳೆಯ ವಿಜ್ಞಾನಿಯೊಬ್ಬರದು. ಶಾಲೆಯಲ್ಲಿ ಅವರ ಪಾಠ ಓದಿದಾಗಿನಿಂದ ನೋಡಬೇಕೆಂದಿದ್ದೆ. ಮುಖ ಮಾತ್ರ ಕಾಣುವಂತೆ ಹತ್ತಿರದಿಂದ ತೆಗೆದಿದ್ದೆ. ಕೆಳಗೆ ‘ನಾನು ಬಹಳ ಗೌರವಿಸುವ ಹಿರಿಯರು’ ಎಂದು ಬರೆದೆ.

ದೊಡ್ಡಮ್ಮ ಕನ್ನಡಕ ಇಲ್ಲದೆ ನೋಡಿದಳೆಂದು ಕಾಣುತ್ತದೆ. ಕೈಮುಗಿದು ‘ಓಂ ಶಾಂತಿ’ ಎಂದು ಹಾಕಿದಳು.

ನಮ್ಮ ಗುಂಪಿನಲ್ಲಿ ಒಬ್ಬರು ಓಂ ಶಾಂತಿ ಹಾಕಿದರೆ ಉಳಿದವರು ಯಾರು ಏನು ಎಂದು ಮೇಲೆ ಹೋಗಿ ನೋಡುವುದಿಲ್ಲ. ತಮ್ಮದೊಂದು ತಪ್ಪಿಹೋಗಬಾರದೆಂದು ಹಾಕುತ್ತಾರೆ. ನಾನು ಮಧ್ಯಾಹ್ನ ಡಬ್ಬಿ ಬಿಚ್ಚುವಷ್ಟರಲ್ಲಿ ಇಡೀ ಕುಟುಂಬ ಶೋಕದಲ್ಲಿತ್ತು. ಒಬ್ಬ ಅತ್ತೆಯಂತೂ, “ಹೋದ ವರ್ಷ ಮದುವೇಲಿ ಸಿಕ್ಕಾಗ ಎಷ್ಟು ಚಲೋ ಮಾತಾಡ್ಸಿದ್ರು” ಎಂದು ಬರೆದಿದ್ದರು.

ಸಂಜೆ ಮನೆಗೆ ಬಂದರೆ ಆಯಿಗೆ ಮಾವನ ಫೋನು. “ನಿನ್ನ ಮಗಳ ಕಡೆಯವರು ಯಾರೋ ಹೋದ್ರಂತಲ್ಲ, ಯಾವಾಗ?” ಆಯಿ ಏನೂ ತಿಳಿಯದೆ ಫೋನು ನನ್ನ ಕೈಗೆ ಕೊಟ್ಟಳು.

“ಮುನ್ನೂರೈವತ್ತು ವರ್ಷದ ಮೇಲಾಯ್ತು, ಮಾವ” ಎಂದೆ.

ಆ ಕಡೆಯಿಂದ ಉಸಿರು ಬಿಟ್ಟ ಸಪ್ಪಳ. “ಬದುಕಿದೆ. ಹಂಗಾದ್ರೆ ನಮಗೆ ಸೂತಕ ಇಲ್ಲ. ರವಿವಾರ ಒಂದು ಗೃಹಪ್ರವೇಶ ಇಟ್ಕೊಂಡಿದ್ದೆ.”

ನೀಲಿ ಚೌಕಡಿ ಅಂಗಿ

ಗುಂಪು ಬೇಡ, ಒಬ್ಬೊಬ್ಬರನ್ನೇ ಹಿಡಿಯೋಣ ಎಂದುಕೊಂಡೆ. ಪಕ್ಕದ ಮನೆಯವರು ನಿವೃತ್ತ ಶಾಲಾ ಶಿಕ್ಷಕಿ. ಕೇರಿಯವರಿಗೆಲ್ಲ ಅವರು ಅಕ್ಕೋರು. ಏನನ್ನೂ ಅರ್ಧಕ್ಕೆ ಬಿಡುವವರಲ್ಲ ಎಂಬುದು ಅವರ ಕೈಯಲ್ಲಿ ಕಲಿತ ನನಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕೋರು ಉತ್ತರಪತ್ರಿಕೆ ತಿದ್ದುವ ಹಾಗೆಯೇ ನೋಡಿದರು. ಪ್ಯಾರಿಸ್ಸಿನ ಕಬ್ಬಿಣದ ಗೋಪುರವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು. ಹಿಮದ ಬೆಟ್ಟವನ್ನು ಹಿಗ್ಗಿಸಿದರು. ರೋಮಿನ ಕಾರಂಜಿಯನ್ನು ಹಿಗ್ಗಿಸಿ, ಹಿಂದಕ್ಕೆ ಹೋಗಿ ಗೋಪುರವನ್ನು ಮತ್ತೊಮ್ಮೆ ನೋಡಿದರು. ಇಷ್ಟು ಶ್ರದ್ಧೆಯಿಂದ ನೋಡುವವರು ಸಿಕ್ಕರಲ್ಲ ಎಂದು ನಾನು ಚಹ ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ಅಕ್ಕೋರು ಆಯಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿದ್ದರು. ಆಯಿ ಫೋನು ಹಿಡಿದು ವಾಪಸು ಬಂದಳು.

“ಈ ನೀಲಿ ಚೌಕಡಿ ಅಂಗಿಯವ ಯಾರು?”

ನೋಡಿದೆ. ನನ್ನ ಹೆಗಲ ಹಿಂದೆ ಒಬ್ಬ ನಿಂತಿದ್ದ. ಪ್ಯಾರಿಸ್ಸಿನಲ್ಲೂ, ಹಿಮದಲ್ಲೂ, ರೋಮಿನಲ್ಲೂ.

“ಒಂದು ಊರಲ್ಲಾದ್ರೆ ಆಕಸ್ಮಿಕ” ಎಂದರು ಅಕ್ಕೋರು, ಬಾಗಿಲಲ್ಲಿ ನಿಂತು. “ಮೂರು ಊರಲ್ಲಿ ಅದೇ ಮುಖ ಅಂದ್ರೆ ಎಂತ ಅಂತ ನಾನು ಹೇಳೂದು ಬೇಡ. ನೀನು ಸೈನ್ಸ್ ಓದಿದವಳು.”

ಪುರಾವೆ ಗಟ್ಟಿಯಾಗಿತ್ತು, ಒಪ್ಪಬೇಕು. ಇದ್ದದ್ದನ್ನು ಹೇಳಿದೆ. ಟೂರಿನವರು ಊಟಕ್ಕೆಂದು ಜೊತೆಯಲ್ಲೇ ಒಬ್ಬನನ್ನು ಕರೆದುಕೊಂಡು ಬಂದಿದ್ದರು. ನಾವು ಹೋದಲ್ಲೆಲ್ಲ ಅವನೂ ಬರುತ್ತಿದ್ದ. ಅವನು ಅಡುಗೆಯವ.

“ಅಡುಗೆಯವನಾ?” ಅಕ್ಕೋರ ಮುಖ ಸಪ್ಪಗಾಯಿತು. ಅರ್ಧ ಚಹ ಬಿಟ್ಟು ಹೊರಟರು. ಫೋಟೊಗಳೂ ಅರ್ಧಕ್ಕೇ ಉಳಿದವು.

ಆಯಿಯ ಮುಖ ಮಾತ್ರ ಅರಳಿತು. ಫೋನನ್ನು ಮತ್ತೊಮ್ಮೆ ಹತ್ತಿರ ಹಿಡಿದು ನೋಡಿದಳು. “ನಿನಗಂತೂ ಒಲೆ ಹಚ್ಚೂದು ಗೊತ್ತಿಲ್ಲ. ಮೀನು ಮಾಡ್ತಾನಾ ಕೇಳಿದ್ಯಾ?”

ಅಮದಳ್ಳಿಯವರು

ನೋಡುವವರು ಎದ್ದು ಹೋಗಲಾರದ ಜಾಗ ಬೇಕು ಎಂದು ಅಲ್ಲಿಗೆ ಸ್ಪಷ್ಟವಾಯಿತು. ನಾನು ದಿನವೂ ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಹೋಗುವವಳು. ಹೆದ್ದಾರಿಯಲ್ಲಿ ಓಡುವ ಬಸ್ಸಿನಿಂದ ಯಾರು ಇಳಿದಾರು?

ಒಂದು ಬೆಳಿಗ್ಗೆ ಪಕ್ಕದಲ್ಲಿ ಅಬ್ಬಲಿಗೆ ದಂಡೆ ಮುಡಿದ ಹೆಂಗಸೊಬ್ಬರು ಕೂತರು. ಅಮದಳ್ಳಿಗೆ ಟಿಕೆಟ್ ತೆಗೆದುಕೊಂಡರು. ನನ್ನ ಕೈಯಲ್ಲಿದ್ದ ಫೋಟೊ ನೋಡಿ, “ಎಲ್ಲಿಯದು ತಂಗಿ?” ಎಂದರು. ಅಷ್ಟು ಸಾಕಿತ್ತು. ಪ್ಯಾರಿಸ್ಸಿನಿಂದ ಶುರು ಮಾಡಿದೆ. ಅವರು ಹೂಂ ಎಂದರು. ಸ್ವಿಟ್ಜರ್ಲೆಂಡಿಗೂ ಹೂಂ ಎಂದರು. ಹಿಂದಿನ ಸೀಟಿನ ಮುದುಕರೊಬ್ಬರು ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅವರ್ಸಾದಲ್ಲಿ ಇಳಿಯುವಾಗ, “ಮುಂದೆ ಯಾವುದಿದೆ, ಬೇಗ ಒಂದು ತೋರ್ಸು” ಎಂದು ವೆನಿಸ್ಸಿನ ಒಂದು ದೋಣಿ ನೋಡಿಕೊಂಡೇ ಇಳಿದರು.

ನಾನು ವೆನಿಸ್ಸನ್ನು ಬಿಡಿಸಿ ಹೇಳಿದೆ. ರಸ್ತೆಯ ಬದಲು ನೀರು, ಬಸ್ಸಿನ ಬದಲು ದೋಣಿ. ಫೋನಿನಿಂದ ಕಣ್ಣು ಎತ್ತಿದಾಗ ಕಂಡಕ್ಟರ್ “ಚೆಂಡಿಯಾ, ಚೆಂಡಿಯಾ” ಎಂದು ಕೂಗುತ್ತಿದ್ದ.

ಹೆಂಗಸು ಧಡಕ್ಕನೆ ಎದ್ದರು. “ಅಯ್ಯೋ, ಅಮದಳ್ಳಿ?”

“ಅಮದಳ್ಳಿ ಹಿಂದೆ ಹೋಯ್ತು ಅಕ್ಕಾ. ಎರಡು ಸಲ ಕೂಗಿದ್ದೆ” ಎಂದ ಕಂಡಕ್ಟರ್.

ಅವರಿಗೆ ತೊಂದರೆಯಾಯಿತೆಂದು ನನಗೆ ಬೇಸರವಾಯಿತು. ಆದರೆ ಒಳಗೊಳಗೇ ಖುಷಿ. ನನ್ನ ಫೋಟೊ ನೋಡುತ್ತ ಒಬ್ಬರು ತಮ್ಮ ಊರನ್ನೇ ಮರೆತಿದ್ದರು. ಇದಕ್ಕಿಂತ ಹೆಚ್ಚಿನದೇನು ಬೇಕು? “ಫೋಟೊ ನೋಡ್ತಾ ನಿಮಗೆ ಸ್ಟಾಪ್ ತಪ್ಪಿಹೋಯ್ತು, ಕ್ಷಮಿಸಿ” ಎಂದೆ.

“ಫೋಟೊ ಎಲ್ಲಿ ನೋಡ್ದೆ ತಂಗಿ?” ಎಂದರು ಅವರು, ಚೀಲ ಎತ್ತಿಕೊಳ್ಳುತ್ತ. “ನೀ ಹೇಳ್ತಾ ಹೇಳ್ತಾ ಎಷ್ಟು ಚಂದ ನಿದ್ದೆ ಬಂತು! ನಾಳೆಯೂ ಇದೇ ಬಸ್ಸಿಗೆ ಬರ್ತ್ಯಾ?”

ಸ್ವಿಟ್ಜರ್ಲೆಂಡ್ ಯಾವುದು

ಒಬ್ಬರು ನಮ್ಮ ಪ್ರಯೋಗಾಲಯಕ್ಕೆ ಬಾವಿಯ ನೀರು ತಂದಿದ್ದರು. ಕೈಗಾದಲ್ಲಿ ಕೆಲಸ ಮಾಡುವವರು. ನೀರಿನ ಗಡಸುತನ ನೋಡಿ ಹೇಳಲು ಸ್ವಲ್ಪ ಹೊತ್ತು ಬೇಕು, ಅವರು ಕಾಯಲೇಬೇಕು. ಫೋನು ಕೈಗೆ ಕೊಟ್ಟು ನಾನು ಕೆಲಸ ಮಾಡತೊಡಗಿದೆ.

ಸ್ವಿಟ್ಜರ್ಲೆಂಡಿನ ಸರೋವರಕ್ಕೆ ಬಂದು ನಿಂತರು. “ಇದು ನಮ್ಮ ಕದ್ರಾ ಅಲ್ವಾ ಮೇಡಂ?”

“ಅಲ್ಲ. ಸ್ವಿಟ್ಜರ್ಲೆಂಡ್.”

“ಎಂತ ಸ್ವಿಟ್ಜರ್ಲೆಂಡ್? ಕಂಪನಿ ಬಸ್ಸಿನ ಕಿಟಕೀಲಿ ನಾನು ದಿನಾ ನೋಡೂದು ಇದನ್ನೇ. ಎಡಗಡೆ ಸೀಟು ಸಿಕ್ಕಿದ್ರೆ ಇನ್ನೂ ಚಲೋ ಕಾಣ್ತದೆ.” ನನ್ನ ಫೋನು ಕೆಳಗಿಟ್ಟು ತಮ್ಮ ಫೋನು ತೆಗೆದರು. ಕದ್ರಾದ ಹಿನ್ನೀರು, ಹಿಂದೆ ಕಾಡಿನ ಗುಡ್ಡ, ಮೇಲೆ ಮಂಜು. ಆಮೇಲೆ ಅವರು ನನ್ನ ಫೋನು ಮುಟ್ಟಲಿಲ್ಲ. ಅವರ ಹತ್ತಿರ ಅಂಥವು ತುಂಬಾ ಇದ್ದವು. ಎಲ್ಲವನ್ನೂ ತೋರಿಸಿದರು.

ನಾನು ಸುಮ್ಮನೆ ಬಿಡಲಿಲ್ಲ. ಅವರ ಫೋಟೊ ಒಂದನ್ನು ಕೇಳಿ ತೆಗೆದುಕೊಂಡೆ. ನನ್ನದರ ಪಕ್ಕ ಇಟ್ಟು, ಹೆಸರು ಮುಚ್ಚಿ, ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದೆ: ಇವುಗಳಲ್ಲಿ ಸ್ವಿಟ್ಜರ್ಲೆಂಡ್ ಯಾವುದು? ಒಬ್ಬರ ಉತ್ತರ ಇನ್ನೊಬ್ಬರಿಗೆ ಕೇಳಿಸದಂತೆ ನೋಡಿಕೊಂಡೆ.

ಎಲ್ಲರೂ ಕೈಗಾದವರ ಫೋಟೊಕ್ಕೇ ಬೆರಳಿಟ್ಟರು. ಒಬ್ಬಳಂತೂ ಕ್ಷಣವೂ ತಡೆಯಲಿಲ್ಲ. ಅದು ಕದ್ರಾ ಎಂದು ಹೇಳಿದ ಮೇಲೂ ಅವಳು ಒಪ್ಪಲಿಲ್ಲ.

“ನನ್ನ ತವರುಮನೆ ಕದ್ರಾ” ಎಂದಳು. “ನಮ್ಮೂರು ಇಷ್ಟು ಚಂದ ಇದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ?”

ಕಿನ್ನರದ ಅಜ್ಜಿ

ಉಳಿದವಳು ಅಜ್ಜಿ ಒಬ್ಬಳು. ಆಯಿಯ ತಾಯಿ. ಕಿನ್ನರ ಎಂಬ ಹಳ್ಳಿಯಲ್ಲಿ ಮಾವನ ಮನೆಯಲ್ಲಿ ಇರುವುದು. ವಾಟ್ಸಾಪ್ ಇಲ್ಲ, ಬಸ್ಸು ಹಿಡಿಯುವ ಅವಸರ ಇಲ್ಲ, ನನ್ನ ಮದುವೆಯ ಚಿಂತೆ ಬಿಟ್ಟು ಬಹಳ ಕಾಲವಾಯಿತು. ಮೊದಲೇ ಇವಳ ಹತ್ತಿರ ಬರಬೇಕಿತ್ತು.

ಒಂದು ರವಿವಾರ ಹೋದೆ. ಅಜ್ಜಿ ಜಗಲಿಯಲ್ಲಿ ಕೂತು ಫೋನನ್ನು ಮೂಗಿನ ಹತ್ತಿರ ಹಿಡಿದಳು.

“ಇದೆಂತ ಮಗಾ?”

“ಪ್ಯಾರಿಸ್ಸಿನ ಗೋಪುರ. ಕಬ್ಬಿಣದ್ದು.”

“ಎಷ್ಟು ಎತ್ತರ? ತೆಂಗಿನ ಮರದಷ್ಟಾ?”

ಮನಸ್ಸಿನಲ್ಲೇ ಭಾಗಿಸಿದೆ. “ತೆಂಗಿನ ಮರದ ಮೇಲೆ ತೆಂಗಿನ ಮರ ಇಡ್ತಾ ಹೋದ್ರೆ, ಹದಿನೈದು ಹದಿನಾರು.”

“ಅಬ್ಬಬ್ಬಾ! ಕಾಯಿ ಕೀಳೂದು ಯಾರು?”

ಹೀಗೆ ಪ್ರತಿಯೊಂದಕ್ಕೂ. ಯಾವ ಬಣ್ಣ, ಗಾಳಿ ಹೇಗಿತ್ತು, ಅಲ್ಲಿ ನಿಂತವರು ಏನು ತಿನ್ನುತ್ತಿದ್ದರು. ಹಿಮ ಕೈಯಲ್ಲಿ ಹಿಡಿದರೆ ಹೇಗಾಗುತ್ತದೆ ಎಂದು ಕೇಳಿದಳು. ಮೊದಲು ಸುಡುತ್ತದೆ, ಆಮೇಲೆ ಕೈ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ ಎಂದೆ. ಅಜ್ಜಿ ತನ್ನ ಅಂಗೈ ಉಜ್ಜಿಕೊಂಡಳು. ವೆನಿಸ್ಸಿನಲ್ಲಿ ಮನೆಬಾಗಿಲವರೆಗೂ ನೀರು ಎಂದಾಗ, “ಪುಣ್ಯವಂತರು! ಮೀನಿನವಳು ದೋಣೀಲೇ ಬಂದು ಬುಟ್ಟಿ ಇಳಿಸ್ತಾಳೆ” ಎಂದಳು. ನಾನು ವರ್ಷದಲ್ಲಿ ಆಡುವ ಮಾತೆಲ್ಲ ಆ ಒಂದು ಮಧ್ಯಾಹ್ನ ಆಡಿದೆ. ಗಂಟಲು ಒಣಗಿತು. ನಿಲ್ಲಿಸಲಿಲ್ಲ. ಕೊನೆಯ ಫೋಟೊ ಮುಗಿಯಿತು.

ಗೆದ್ದೆ ಎಂದುಕೊಂಡೆ. ಎದ್ದು ಕುಣಿಯುವುದೊಂದು ಬಾಕಿ.

“ಚಲೋ ಆಯ್ತು ಮಗಾ” ಎಂದಳು ಅಜ್ಜಿ. “ಬರೂ ವಾರ ಕಣ್ಣಿನ ಆಪರೇಶನ್ ಇದೆ. ಅದಾದ ಮೇಲೆ ಇದನ್ನ ಮತ್ತೊಂದು ಸಲ ತಕ್ಕೊಂಡು ಬಾ. ನೋಡ್ತೆ.”

“ಹಾಗಾದ್ರೆ ಈಗ?”

“ಈಗ ಎಂತ ಕಾಣ್ತದೆ? ಎರಡೂ ಕಣ್ಣಿಗೆ ಪೊರೆ. ಎದುರು ಏನೋ ಬೆಳ್ಳಗೆ ಹೊಳೀತಿತ್ತು, ಅಷ್ಟೇ.”

ಪ್ರಯೋಗ ಕೆಟ್ಟರೆ ಮತ್ತೆ ಮಾಡಬೇಕು. ಎರಡೂ ಕಣ್ಣಿನ ಆಪರೇಶನ್ ಮುಗಿದು, ಡಾಕ್ಟರು ಇನ್ನು ಅಡ್ಡಿಯಿಲ್ಲ ಎಂದ ಮೇಲೆ ಮತ್ತೆ ಕಿನ್ನರಕ್ಕೆ ಹೋದೆ. ಅಜ್ಜಿ ಹೊಸ ಕನ್ನಡಕ ಹಾಕಿ ಅದೇ ಜಗಲಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ನಕ್ಕಳು. ಆಮೇಲೆ ತಲೆ ಎತ್ತಿ ಜಗಲಿಯ ಮಾಡಿನತ್ತ ನೋಡಿದಳು. ನಗು ನಿಂತಿತು.

“ಇದೆಂತ ಈ ನಮೂನಿ ಜೇಡರ ಬಲೆ? ಯಾವಾಗಿಂದ ಇದೆ ಇದು?”

ಅತ್ತೆ ಒಳಗಿಂದಲೇ, “ಕಣ್ಣಿಗೆ ಆಪರೇಶನ್ ಮಾಡ್ಸಿದ್ದೇ ತಪ್ಪಾಯ್ತು ನೋಡು” ಎಂದರು. ಬಲೆ ತೆಗೆಯದೆ ಅಜ್ಜಿ ಬೇರೆ ಕಡೆ ಕಣ್ಣು ತಿರುಗಿಸುವಂತಿರಲಿಲ್ಲ. ನಾನು ಫೋನನ್ನು ಅವಳ ಕೈಗೆ ಕೊಟ್ಟು, ಹೀಗೆ ಬೆರಳಲ್ಲಿ ಸರಿಸಬೇಕು ಎಂದು ತೋರಿಸಿ, ಕಸಬರಿಗೆ ಹಿಡಿದುಕೊಂಡು ಸ್ಟೂಲು ಹತ್ತಿದೆ.

ತಲೆಯ ಮೇಲೆ ಧೂಳು ಬೀಳುತ್ತಿತ್ತು. ಕೆಳಗಿನಿಂದ ಒಂದೂ ಪ್ರಶ್ನೆ ಬರಲಿಲ್ಲ. ಅಬ್ಬಬ್ಬಾ ಎಂಬುದೂ ಇಲ್ಲ. ಮೂಲೆಯ ಕೊನೆಯ ಬಲೆ ತೆಗೆದು ಇಳಿದಾಗ ಫೋನು ಅಜ್ಜಿಯ ಮಡಿಲಲ್ಲಿತ್ತು. ತೆರೆಯ ಮೇಲೆ ನನ್ನ ನೂರನೆಯ ಫೋಟೊ.

“ಎಲ್ಲಾ ನೋಡಿದ್ಯಾ ಅಜ್ಜಿ?”

“ಮೊದಲಿಂದ ಕೊನೇವರೆಗೂ. ಒಂದೂ ಬಿಡಲಿಲ್ಲ.”

“ಕಂಡಿತಾ?”

“ನೆಟ್ಟಗೆ ಕಂಡಿತು.”

ಕೊನೆಗೂ ಒಬ್ಬರು. ಎರಡೂ ಕಣ್ಣು ತೆರೆದು, ಒಂದೂ ಬಿಡದೆ. ಧೂಳು ಮೆತ್ತಿದ ಕೈಯಲ್ಲೇ ಅವಳ ಪಕ್ಕ ಕೂತೆ. “ಹೇಗಿವೆ?”

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ನನಗೆ ಬೇಸರವಾಗಬಾರದೆಂದು ಮಾತು ಹುಡುಕುತ್ತಿರುವಂತೆ ಕಂಡಿತು.

“ಬರೋಬರ್ ಇವೆ ಮಗಾ. ಆದ್ರೆ ಆವತ್ತು ಕಣ್ಣು ಕಾಣ್ದೇ ಇರೂವಾಗ ನೋಡಿದ್ನಲ್ಲ, ಅವು ಇವಕ್ಕಿಂತ ಚಲೋ ಬಂದಿದ್ವು.”